ಪಾತಿಯ ಕಾಲಿಗೆ ಕಟ್ಟಿದ ದಾರ

ನನ್ನ ಕನ್ನಡಕದ ಪೆಟ್ಟಿಗೆಯಲ್ಲಿ ಕನ್ನಡಕವಲ್ಲದೆ ಇನ್ನೊಂದು ವಸ್ತುವಿದೆ. ಕಿರುಬೆರಳಿನ ಅರ್ಧದಷ್ಟು ಉದ್ದದ ಹತ್ತಿಯ ದಾರ, ಅದರ ಎರಡು ತುದಿಗೆ ಎರಡು ಪುಟ್ಟ ಕುಣಿಕೆ. ಕುಣಿಕೆಯೊಳಗೆ ತೊಗರಿಕಾಳು ತೂರುತ್ತದೆ, ಕಡಲೆಕಾಳು ತೂರುವುದಿಲ್ಲ. ಇಂಥ ಪರೀಕ್ಷೆಗಳನ್ನು ಮಾಡುವಷ್ಟು ಬಿಡುವು ನನಗೆ ನಿವೃತ್ತಿಯ ನಂತರ ದೊರೆತಿದೆ. ಕನ್ನಡಕ ಒರೆಸುವಾಗಲೆಲ್ಲ ಹೆಂಡತಿ ಸುಲೋಚನಾ ಆ ದಾರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದನ್ನು ಎಸೆಯಲೇ ಎಂದು ಕೇಳುತ್ತಾಳೆ. ವಿಷಯ ಪರಿಶೀಲನೆಯಲ್ಲಿದೆ ಎಂದು ನಾನು ಉತ್ತರಿಸುತ್ತೇನೆ. ಕಾರವಾರದ ಒಂದು ಕಚೇರಿಯ ಆವಕ-ಜಾವಕ ಶಾಖೆಯಲ್ಲಿ ಮೂವತ್ತೊಂದು ವರ್ಷ ಕುಳಿತವನಿಗೆ ಆ ಉತ್ತರ ನಿದ್ದೆಯಲ್ಲೂ ಬರುತ್ತದೆ.

ಕುಳಿತವನು ಎಂದೆ. ಅದನ್ನು ಸುಮ್ಮನೆ ಹೇಳಲಿಲ್ಲ. ನಡೆಯುವುದಕ್ಕೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಆ ಕತೆ ಆಮೇಲೆ.

ದಾರದ ಮೂಲ ಹುಡುಕಿದರೆ ಹಾವಿಗೆ ಹೋಗಿ ಮುಟ್ಟುತ್ತದೆ. ಹೋದ ಮಳೆಗಾಲದಲ್ಲಿ ಅವರ್ಸಾದ ನಮ್ಮ ಮನೆಯ ಬಚ್ಚಲ ಹಿಂದಿನ ತೆಂಗಿನ ಸಿಪ್ಪೆಯ ರಾಶಿಯಲ್ಲಿ ಎರಡು ಸಲ ನಾಗರಹಾವು ಕಂಡಿತು. ಒಂದೇ ಹಾವು ಎರಡು ಸಲವೋ, ಎರಡು ಹಾವು ಒಂದೊಂದು ಸಲವೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಿಲ್ಲ. ಬಾಳೆಗುಳಿಯಲ್ಲಿರುವ ಸುಲೋಚನಾಳ ತೌರಿನವರು, ಗಿನಿಕೋಳಿ ಸಾಕಿದ ಹಿತ್ತಿಲಿಗೆ ಹಾವು ಕಾಲಿಡುವುದಿಲ್ಲ ಎಂದು ಹೇಳಿ ಈ ಬೇಸಿಗೆಯ ಶುರುವಿಗೆ ಒಂಬತ್ತು ಮೊಟ್ಟೆ ಕೊಟ್ಟು ಕಳಿಸಿದರು. ಹಾವಿಗೆ ಕಾಲೇ ಇಲ್ಲವಲ್ಲ ಎಂದು ನಾನು ಗಮನಕ್ಕೆ ತಂದೆ. ಯಾರೂ ನಗಲಿಲ್ಲ.

ಮೊಟ್ಟೆಗಳನ್ನು ನಮ್ಮ ಊರ ಹೇಂಟೆಯ ಕೆಳಗೆ ಕಾವಿಗೆ ಇಟ್ಟೆವು. ಇಲ್ಲಿ ಒಂದು ತಾಂತ್ರಿಕ ತೊಡಕಿದೆ. ಊರ ಕೋಳಿಯ ಲೆಕ್ಕದಲ್ಲಿ ಕಾವು ಇಪ್ಪತ್ತೊಂದು ದಿನ. ಗಿನಿಕೋಳಿಯ ಮೊಟ್ಟೆ ಒಡೆಯಲು ಇನ್ನೂ ಐದಾರು ದಿನ ಹೆಚ್ಚು ಬೇಕು. ಇಪ್ಪತ್ತೆರಡನೆಯ ದಿನ ಹೇಂಟೆ ಎದ್ದು ನಿಂತು ಮೊಟ್ಟೆಗಳನ್ನು ನೋಡಿತು, ಆಮೇಲೆ ನಮ್ಮನ್ನು ನೋಡಿತು. ಸೇವಾವಧಿ ಮುಗಿದ ನಂತರವೂ ಬಿಡುಗಡೆಯ ಆದೇಶ ಬಾರದ ನೌಕರರ ಮುಖವನ್ನು ನಾನು ಕಂಡಿದ್ದೇನೆ. ಸುಲೋಚನಾ ಅದರ ಮೇಲೆ ಹೆಡಗೆ ಕವುಚಿ, ಕೊಕ್ಕಿನ ಹತ್ತಿರಕ್ಕೇ ಅಕ್ಕಿನುಚ್ಚು ಒಯ್ದಿಟ್ಟು, ಹೇಗೋ ಇನ್ನೊಂದು ವಾರ ಕೂಡಿಸಿದಳು. ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಐದು ಮರಿ ಬಂದವು. ಆರನೆಯದು ಮರುದಿನ ಮಧ್ಯಾಹ್ನ ಬಂತು. ಉಳಿದ ಮೂರು ಬರಲೇ ಇಲ್ಲ.

ಇಲ್ಲಿಗೆ ಹೇಂಟೆಯ ಕೆಲಸ ಮುಗಿದು ನನ್ನ ಕೆಲಸ ಶುರುವಾಯಿತು. ತೊಂದರೆ ಶುರುವಾದದ್ದೂ ಇಲ್ಲಿಯೇ.

ಹೊರಗೆ ಗಿಡುಗ, ಕಾಗೆ, ಮುಂಗುಲಿ. ಅವುಗಳ ಭಯದಿಂದ ಮರಿಗಳನ್ನು ಮೊದಲ ವಾರ ಒಳಗೇ ಇಡತಕ್ಕದ್ದೆಂದು ನಾನು ಆದೇಶ ಹೊರಡಿಸಿದೆ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆ ಅಟ್ಟದಿಂದ ಇಳಿಯಿತು. ಅದಕ್ಕೊಂದು ಬಲ್ಬು ಇಳಿಬಿಟ್ಟೆ. ಪೆಟ್ಟಿಗೆಯ ತಳಕ್ಕೆ ಹಾಸಲು ಹಳೆಯ ಪತ್ರಿಕೆಗಳು. ಪತ್ರಿಕೆಗಳ ವಿಷಯದಲ್ಲಿ ನಮ್ಮ ಮನೆ ಸ್ವಾವಲಂಬಿ. ನಾನು ಓದಿದ ಯಾವ ಪತ್ರಿಕೆಯನ್ನೂ ಗುಜರಿಯವನಿಗೆ ಕೊಟ್ಟವನಲ್ಲ. ಹಾಸಿದ ಕಾಗದವನ್ನು ದಿನಕ್ಕೆ ಮೂರು ಸಲ ಬದಲಿಸಿದೆ. ಮಡಿಕೆ ಬೀಳದಂತೆ ಅಂಗೈಯಿಂದ ತೀಡಿ, ನಾಲ್ಕೂ ಮೂಲೆ ಒತ್ತಿ, ನುಣ್ಣಗೆ ಹಾಸಿದೆ. ಓದುವ ಚಟ ಸಾಲದು ಅಂತ ಹಾಸುವ ಚಟವೂ ಹತ್ತಿತು ಎಂದು ಸುಲೋಚನಾ ಅಂದದ್ದು ನನಗೆ ಹೊಗಳಿಕೆಯಂತೆ ಕೇಳಿತು.

ಆರನೆಯ ಮರಿ ಹುಟ್ಟಿದ ಮರುದಿನ ಬೆಳಿಗ್ಗೆ ನೋಡಿದರೆ ಐದು ಮರಿಗಳು ಓಡಾಡುತ್ತಿವೆ, ಆರನೆಯದು ಹೊಟ್ಟೆಯ ಮೇಲೆ ಮಲಗಿದೆ. ಎರಡು ಕಾಲು ಎರಡು ಬದಿಗೆ, ಶಾಲೆಯ ಕೈವಾರವನ್ನು ಪೂರ್ತಿ ಬಿಡಿಸಿಟ್ಟ ಹಾಗೆ. ಏಳಲು ನೋಡುತ್ತದೆ, ಕಾಲುಗಳು ಇನ್ನಷ್ಟು ದೂರ ಜಾರುತ್ತವೆ. ಮತ್ತೆ ನೋಡುತ್ತದೆ. ಉಳಿದ ಐದು ಅದನ್ನು ಮೆಟ್ಟಿಲಿನಂತೆ ಬಳಸಿ ನೀರಿನ ತಟ್ಟೆಗೆ ಹೋಗುತ್ತಿದ್ದವು. ಸೇವೆಯಲ್ಲಿದ್ದಾಗ ಸಾಹೇಬರ ಪತ್ರವೊಂದು ಕಳೆದುಹೋದ ದಿನ ಬಿಟ್ಟರೆ ನಾನು ಇಷ್ಟು ಗಾಬರಿಯಾದದ್ದಿಲ್ಲ.

ಆ ಹೊತ್ತಿಗೆ ಮೀನಿನ ಬುಟ್ಟಿ ಇಳಿಸಿದ ನಾಗಮ್ಮ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು. ಇಪ್ಪತ್ತು ವರ್ಷದಿಂದ ನಮಗೆ ಮೀನು ಕೊಡುವವಳು, ತೀರ್ಪನ್ನೂ ಜೊತೆಗೇ ಕೊಡುತ್ತಾಳೆ.

"ಇದು ಆಗೂದಲ್ಲ ಬಾಯಿ," ಎಂದಳು ಸುಲೋಚನಾಳಿಗೆ. "ಇಂದು ಕೊಯ್ದ್ರೆ ಒಂದು ಚಮಚಿ ಸಾರಿಗೂ ಸಾಲೂದಿಲ್ಲ. ತಿಂಗ್ಳು ಬಿಟ್ರೆ ಮುಂಗ್ಲಿಗೆ."

ನಾನು ಮರಿಯನ್ನು ಎತ್ತಿಕೊಂಡು ಒಳಗೆ ಹೋದೆ. ಅದರ ಎದುರಿಗೆ ಇಂಥ ಮಾತು ಆಡಬಾರದು ಅನ್ನಿಸಿತು.

ಅಂಕೋಲೆಯ ಪಶು ಆಸ್ಪತ್ರೆಗೆ ಹೊರಟೆ. ಮೂವತ್ತೊಂದು ವರ್ಷ ಕಚೇರಿಗೆ ಊಟ ಒಯ್ದ ಸ್ಟೀಲಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಮರಿಯನ್ನಿಟ್ಟು, ಮುಚ್ಚಳದ ಬದಲು ಕರವಸ್ತ್ರ ಮುಚ್ಚಿದೆ. ಬಸ್ಸಿನಲ್ಲಿ ಅದು ಸುಮ್ಮನಿರಲಿಲ್ಲ. ಕಂಡಕ್ಟರ್ ಹತ್ತಿರ ಬಂದು, ಡಬ್ಬಿಯಲ್ಲಿ ಕೂಗುವುದು ಎಂಥದು ಎಂದು ಕೇಳಿದ. ಹಸಿವು ಎಂದೆ. ಅವನು ಸ್ವಲ್ಪ ಹೊತ್ತು ನನ್ನನ್ನು ನೋಡಿ, ಹಿರಿಯ ನಾಗರಿಕ ಎಂಬ ಕಾರಣಕ್ಕೋ ಏನೋ, ಮುಂದೆ ಹೋದ. ಆಸ್ಪತ್ರೆಯಲ್ಲಿ ನನ್ನ ಮುಂದೆ ಎರಡು ಆಡು ಮತ್ತು ಒಂದು ಎಮ್ಮೆ ಸರದಿಯಲ್ಲಿದ್ದವು. ಎಮ್ಮೆಯ ಯಜಮಾನ ನನ್ನ ಡಬ್ಬಿಯತ್ತ ನೋಡಿ, ಮಧ್ಯಾಹ್ನದವರೆಗೆ ಕಾಯುವ ತಯಾರಿಯಲ್ಲೇ ಬಂದಿದ್ದೀರಿ ಎಂದು ಮೆಚ್ಚಿದ.

ಡಾಕ್ಟರಬಾಯಿ ವಯಸ್ಸಿನಲ್ಲಿ ಚಿಕ್ಕವರು. ಮರಿಯನ್ನು ಅಂಗೈಯಲ್ಲಿ ಮಲಗಿಸಿ ಕಾಲುಗಳನ್ನು ಒಂದೊಂದಾಗಿ ಮಡಿಸಿ ನೋಡಿದರು. ಮೂಳೆ ಮುರಿದಿಲ್ಲ, ಹುಟ್ಟಿನ ದೋಷವೂ ಅಲ್ಲ ಎಂದರು. ನಾನು ಉಸಿರು ಬಿಡುವುದರೊಳಗೆ, ಪೆಟ್ಟಿಗೆಗೆ ಏನು ಹಾಸಿದ್ದೀರಿ ಎಂದು ಕೇಳಿದರು.

ಪತ್ರಿಕೆ ಎಂದೆ.

"ಅದೇ ಜಾರ್ಸಿದ್ದು. ಹುಟ್ಟಿದ ಮರಿಗೆ ಉಗುರು ಊರೂಕೆ ಹಿಡಿತ ಬೇಕು. ನುಣ್ಣಗಿನ ಕಾಗದದ ಮೇಲೆ ಇಟ್ರೆ ಕಾಲು ಹೀಗೇ ಹೋಗ್ತದೆ."

ಕಾಲುಗಳನ್ನು ಸರಿಯಾದ ಅಂತರದಲ್ಲಿ ಸೇರಿಸಿ ಕಟ್ಟಬೇಕು, ಮರಳಿನ ಮೇಲೆ ಬಿಡಬೇಕು, ಐದು ದಿನ ನೋಡಬೇಕು. ಆಮೇಲೆ ಮೂಳೆ ಬಲಿತು ಹೇಗಿದೆಯೋ ಹಾಗೇ ಉಳಿಯುತ್ತದೆ ಎಂದರು. ಐದು ದಿನದಲ್ಲಿ ನಿಲ್ಲದಿದ್ದರೆ ಎಂದು ಕೇಳಿದೆ. ಅವರು ಕೈ ತೊಳೆಯಲು ಹೋದರು.

ಬರುವಾಗ ಬಸ್ಸಿನಲ್ಲಿ ಮರಿ ನಿದ್ದೆ ಹೋಗಿತ್ತು. ನಾನು ಹೋಗಲಿಲ್ಲ. ದಿನಕ್ಕೆ ಮೂರು ಸಲ, ಅಂಗೈಯಿಂದ ತೀಡಿ ತೀಡಿ. ಮನೆಯಲ್ಲಿ ಸುಲೋಚನಾಳಿಗೆ ಮರಳಿನ ವಿಷಯ ಹೇಳಿದೆ, ಕಟ್ಟುವ ವಿಷಯ ಹೇಳಿದೆ. ಪತ್ರಿಕೆಯ ವಿಷಯ ಮಾತ್ರ ಬಿಟ್ಟೆ. ವರದಿಯಿಂದ ಒಂದು ಪುಟ ತೆಗೆದಿಡುವುದು ಹೇಗೆಂದು ನನ್ನ ಶಾಖೆಯಲ್ಲಿ ಯಾರಿಗೂ ಕಲಿಸಬೇಕಾಗಿರಲಿಲ್ಲ.

ಡಾಕ್ಟರಬಾಯಿ ಕಾಲಿಗೆ ಹಾಕಿಕೊಟ್ಟಿದ್ದ ಅಂಟುಪಟ್ಟಿ ಮನೆ ಮುಟ್ಟುವುದರೊಳಗೆ ಬಿಚ್ಚಿಹೋಯಿತು. ನಾವು ಹಾಕಿದ ಪಟ್ಟಿ ಅಷ್ಟು ಹೊತ್ತೂ ನಿಲ್ಲಲಿಲ್ಲ. ನಮ್ಮ ಕರಾವಳಿಯ ಎಪ್ರಿಲ್ ತಿಂಗಳಲ್ಲಿ ಅಂಟು ಎಂಬುದು ಮೈಯಲ್ಲಿ ಮಾತ್ರ ಇರುತ್ತದೆ, ಪಟ್ಟಿಯಲ್ಲಿ ಇರುವುದಿಲ್ಲ. ಕೊನೆಗೆ ಸುಲೋಚನಾಳೇ ನಾಗಮ್ಮನ ಗಂಡನ ಹೆಸರು ತೆಗೆದಳು.

ಸುಬ್ರಾಯ ನನಗಿಂತ ಮೂರು ವರ್ಷ ದೊಡ್ಡವನು. ಕಡಲಿಗೆ ಹೋಗುವುದು ಬಿಟ್ಟ ಮೇಲೆ ದಂಡೆಯ ಚಪ್ಪರದಲ್ಲಿ ಕೂತು ಕೇರಿಯವರ ಬಲೆ ರಿಪೇರಿ ಮಾಡುತ್ತಾನೆ. ಕಣ್ಣು ಮಂಜಾಗಿದೆ, ಬೆರಳಿಗೆ ಅದರ ಸುದ್ದಿ ಇನ್ನೂ ಮುಟ್ಟಿಲ್ಲ. ಸಂಜೆ ನಾನು ಡಬ್ಬಿ ಬಿಚ್ಚಿದಾಗ ಮರಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದ.

"ಇದೆಂತ ನಾಯಕ್ರೇ, ಕೋಳಿಯನಾ? ನಂಗೆ ಪಾತಿ ಕಂಡಾಂಗಾಯ್ತು. ಎರಡೂ ಬದಿಗೆ ಹುಟ್ಟು ಹಾಕಂಡು ಕೂತದೆ."

ಪಾತಿ ಎಂದರೆ ನಮ್ಮಲ್ಲಿ ಒಬ್ಬಿಬ್ಬರು ಹೋಗುವ ಚಿಕ್ಕ ದೋಣಿ. ಅಲ್ಲಿಂದ ಅದರ ಹೆಸರು ಪಾತಿಯಾಯಿತು. ನಾನು ಅದಕ್ಕೆ ಹೆಸರಿಡದೆ ಜಾಗ್ರತೆಯಿಂದ ಆರನೆಯದು ಎಂದೇ ಕರೆಯುತ್ತಿದ್ದೆ. ಹೆಸರಿಟ್ಟದ್ದು ಸತ್ತರೆ ಕಷ್ಟ. ಆದರೆ ಸುಬ್ರಾಯ ನನ್ನ ಅನುಮತಿ ಕೇಳಲಿಲ್ಲ.

ಬಲೆಯ ಹಸಿರು ನೈಲಾನ್ ದಾರದ ಒಂದು ತುಂಡು ಕತ್ತರಿಸಿ, ನನ್ನ ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಎರಡು ಕಾಲಿಗೂ ಗಂಟು ಹಾಕಿಬಿಟ್ಟ. ಎಂಥ ಅಚ್ಚುಕಟ್ಟು ಎಂದು ಮೆಚ್ಚುತ್ತ ಮನೆಗೆ ಬಂದೆ. ಮರಳು ಬೆಳಿಗ್ಗೆ ತಂದರಾಯಿತೆಂದು, ಆ ರಾತ್ರಿಯ ಮಟ್ಟಿಗೆ ಪಾತಿಯನ್ನು ಬೇರೆ ಬುಟ್ಟಿಯಲ್ಲಿ ಗೋಣಿಯ ಮೇಲೆ ಬಿಟ್ಟೆ.

ಬೆಳಿಗ್ಗೆ ಆರಕ್ಕೆ ನೋಡಿದರೆ ಪಾತಿ ಅಲುಗುತ್ತಿರಲಿಲ್ಲ. ಎತ್ತಿದೆ. ಜೀವವಿತ್ತು. ಬಲಗಾಲಿನ ಬೆರಳುಗಳು ಮುರುಗಲ ಸಿಪ್ಪೆಯ ಕಡುನೇರಳೆ ಬಣ್ಣಕ್ಕೆ ತಿರುಗಿದ್ದವು. ದಾರ ಕಾಲಿನ ಚರ್ಮದೊಳಗೆ ಹುಗಿದು, ಗಂಟು ಎಲ್ಲಿದೆ ಎಂದೇ ಕಾಣುತ್ತಿರಲಿಲ್ಲ. ಸುಲೋಚನಾ ಏನೋ ಕೇಳುತ್ತಿದ್ದಳು. ನಾನು ಲುಂಗಿಯಲ್ಲೇ, ಚಪ್ಪಲಿ ಮರೆತು, ಅಂಗೈಯಲ್ಲಿ ಮರಿ ಹಿಡಿದುಕೊಂಡು ದಂಡೆಯ ಕಡೆಗೆ ಓಡಿದೆ. ಓಡಿದೆ ಎಂಬುದು ನನ್ನ ಹೇಳಿಕೆ. ಕಂಡವರು, ನಾಯಕರು ಬೆಳಿಗ್ಗೆ ಸ್ವಲ್ಪ ಬೇಗ ನಡೆಯುತ್ತಿದ್ದರು ಎಂದು ಹೇಳಿದ್ದಾರೆ.

ಸುಬ್ರಾಯ ಚಹಾದ ಲೋಟ ಕೆಳಗಿಟ್ಟು ಬೆರಳಿನಿಂದ ಕಾಲು ಸವರಿ ನೋಡಿದ. ಆಮೇಲೆ ಕೈ ಚಾಚಿದ. ಅರ್ಥವಾಗಿ ನನ್ನ ಕನ್ನಡಕ ತೆಗೆದುಕೊಟ್ಟೆ. ಅದನ್ನು ಮೂಗಿಗೇರಿಸಿಕೊಂಡು, ಬಲೆ ಹೆಣೆಯುವ ಬಿದಿರಿನ ಸೂಜಿಯ ತುದಿಯನ್ನು ದಾರಕ್ಕೂ ಚರ್ಮಕ್ಕೂ ನಡುವೆ ತೂರಿಸಲು ತೊಡಗಿದ. ಸೂಜಿ ಒಳಗೆ ಹೋದರೆ ಅದರ ಮೇಲೆ ಬ್ಲೇಡು ಎಳೆಯಬಹುದು. ಹೋಗದಿದ್ದರೆ ಬ್ಲೇಡು ಎಲ್ಲಿ ಎಳೆಯುವುದು? ನಾನು ಮರಿಯನ್ನು ಹಿಡಿದಿದ್ದೆ. ಕನ್ನಡಕವಿಲ್ಲದೆ ನನಗೆ ಕಾಣುತ್ತಿದ್ದದ್ದು ಒಂದು ಬೂದು ಬಣ್ಣದ ಮುದ್ದೆ, ಅದರ ಸುತ್ತ ಎರಡು ಕಪ್ಪು ಕೈ. ಎದೆಯ ಬಡಿತ ಮಾತ್ರ ನನ್ನ ಹೆಬ್ಬೆರಳಿಗೆ ತಾಗುತ್ತಿತ್ತು. ಅದು ಅದರದ್ದೋ ನನ್ನದೋ ಗೊತ್ತಾಗುತ್ತಿರಲಿಲ್ಲ.

ಟಿಕ್ ಎಂದು ದಾರ ಕಡಿದ ಸದ್ದಾಯಿತು. ಬಣ್ಣ ಬಂತೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಸುಬ್ರಾಯ ಕಾಲನ್ನು ತನ್ನ ಎರಡು ಬೆರಳ ನಡುವೆ ಮೆಲ್ಲಗೆ ಉಜ್ಜುತ್ತಲೇ ಇದ್ದ. ಅವನ ಚಹಾದ ಮೇಲೆ ಕೆನೆ ಕಟ್ಟಿತು. ಮೂರನೆಯ ಸಲ ನಾನು ಕೇಳಲಿಲ್ಲ.

"ಬರ್ತದೆ," ಎಂದ ಕೊನೆಗೆ. ಆಮೇಲೆ ಕಡಲ ಕಡೆ ನೋಡುತ್ತ, "ತಪ್ಪು ನಂದು ನಾಯಕ್ರೇ. ಐವತ್ತು ವರ್ಷದಿಂದ ಈ ಕೈ ಮೀನು ಹಿಡಿಯೂ ಗಂಟೇ ಹಾಕಿದ್ದು. ಮೀನು ಒದ್ದಾಡ್ದಾಂಗೂ ಅದು ಬಿಗೀತದೆ. ಕೈ ತನ್ನಷ್ಟಕ್ಕೇ ಅದನ್ನೇ ಹಾಕ್ತು, ನಾ ನೋಡ್ಲಿಲ್ಲ."

ಕೈ ತನ್ನಷ್ಟಕ್ಕೇ ಮಾಡುವ ತಪ್ಪಿನ ವಿಷಯದಲ್ಲಿ ನಾನು ಅವನಿಗೆ ಸಾಕಷ್ಟು ಹೇಳಬಹುದಿತ್ತು. ಹೇಳಲಿಲ್ಲ.

ಅವನೇ ಮುಂದುವರಿಸಿದ. "ದೋಣಿ ಕಟ್ಟೂಕೆ ಬೇರೆ ಕುಣಿಕೆ ಅದೆ. ಎಷ್ಟು ಎಳದ್ರೂ ಬಿಗಿಯೂದಿಲ್ಲ, ಬಿಚ್ಚೂದೂ ಇಲ್ಲ. ಭರ್ತಿಗೆ ಏರೂಕೆ, ಇಳ್ತಕ್ಕೆ ಇಳಿಯೂಕೆ ದೋಣಿಗೆ ಜಾಗ ಬೇಕಲ್ರಾ."

ಈ ಸಲ ನೈಲಾನ್ ಬೇಡವೆಂದು ಹತ್ತಿಯ ದಾರ ಹುಡುಕಿದ. ತೊಗರಿಕಾಳಿನಷ್ಟು ಅಗಲದ ಎರಡು ಕುಣಿಕೆ ಮಾಡಲು ಆ ವೇಗದ ಕೈಗೆ ಅರ್ಧ ಗಂಟೆ ಹಿಡಿಯಿತು. ಒಂದೊಂದು ಸುತ್ತಿಗೂ ನಿಲ್ಲಿಸಿ, ಎಳೆದು, ಮತ್ತೆ ಬಿಚ್ಚಿ ನೋಡುತ್ತಿದ್ದ. ಹೊಸದಾಗಿ ಅಕ್ಷರ ಕಲಿಯುವವರ ಹಾಗೆ ನಾಲಿಗೆ ತುದಿ ಹೊರಗಿತ್ತು.

ಇನ್ನು ಮರಳು. ಮರಳೆಂದರೆ ನನ್ನ ಅಜ್ಜಿಯ ನೆನಪಾಗದೆ ಇರುವುದಿಲ್ಲ. ಎರಡೂವರೆ ವರ್ಷವಾದರೂ ನಾನು ನಡೆಯಲಿಲ್ಲವಂತೆ. ಕೂತಲ್ಲಿಂದಲೇ ಕೈ ತೋರಿಸಿ ಬೇಕಾದ್ದನ್ನು ತರಿಸಿಕೊಳ್ಳುತ್ತಿದ್ದೆನಂತೆ. ಮುಂದೆ ಇದೇ ಗುಣ ಕಚೇರಿಯಲ್ಲಿ ಒದಗಿಬಂತು, ಆದರೆ ಆಗ ಮನೆಯವರಿಗೆ ಚಿಂತೆ. ಅಜ್ಜಿ ಇಳಿತದ ಹೊತ್ತು ನೋಡಿ ನನ್ನನ್ನು ಕಡಲ ದಂಡೆಗೆ ಎತ್ತಿಕೊಂಡು ಹೋಗಿ, ಒದ್ದೆ ಮರಳಲ್ಲಿ ಗುಂಡಿ ತೋಡಿ, ತೊಡೆಯವರೆಗೆ ಹೂತು ನಿಲ್ಲಿಸುತ್ತಿದ್ದಳು. ಸುತ್ತ ಬಳಚಿನ ಚಿಪ್ಪು ಆರಿಸುತ್ತ ಕಣ್ಣಳತೆಯಲ್ಲೇ ಇರುತ್ತಿದ್ದಳು. ನನ್ನ ಅಳುವಿಗೆ ಏಡಿಗಳು ಬಿಲ ಸೇರುತ್ತಿದ್ದವಂತೆ. ಎರಡು ವಾರದ ಮೇಲೆ ನಡೆದೆ. ಮರಳೇ ನಡೆಸಿತೆಂದು ಅಜ್ಜಿಯ ವಾದ. ಇನ್ನೊಂದು ಸಲ ಹೂಳುತ್ತಾಳೆಂಬ ಭಯ ನಡೆಸಿತೆಂದು ನನ್ನ ಚಿಕ್ಕಪ್ಪನ ವಾದ. ನನಗೆ ನೆನಪಿರುವುದು ಒಂದೇ: ಕಾಲ ಸುತ್ತ ತಣ್ಣಗೆ, ಬಿಗಿಯಾಗಿ ಏನೋ ಹಿಡಿದುಕೊಂಡಿತ್ತು, ಬೀಳುವ ಹಾಗಿರಲಿಲ್ಲ.

ಕೊಡ ಹಿಡಿದು ಮೂರು ಸಲ ಮರಳು ಹೊತ್ತೆ. ಸುಲೋಚನಾ ಅದನ್ನು ಬಾವಿಯ ನೀರಲ್ಲಿ ಎರಡು ಸಲ ತೊಳೆದು ಉಪ್ಪು ತೆಗೆದು, ಬಿಸಿಲಲ್ಲಿ ಒಣಗಿಸಿ ಬುಟ್ಟಿಗೆ ಸುರಿದಳು. ಪಾತಿ ಕಾಲಿಗೆ ದಾರ ತೊಟ್ಟು ಅದರ ಮೇಲೆ ಕುಕ್ಕರಿಸಿತು. ಉಣಿಸುವ ಹೊತ್ತಿಗೆ ಮಾತ್ರ ಅದನ್ನು ಚಹಾದ ಲೋಟದಲ್ಲಿ ನೆಟ್ಟಗೆ ನಿಲ್ಲಿಸಿ, ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆರಳ ತುದಿಯಲ್ಲಿ ಕೊಡುತ್ತಿದ್ದೆ. ಕೋಳಿಗೆ ಕೋಳಿಯ ಮೊಟ್ಟೆಯೇ ಎಂದು ನಾಗಮ್ಮ ಕೇಳಿದಳು. ನಾನು ಲೋಟವನ್ನು ಅವಳ ಕಣ್ಣಿಗೆ ಮರೆಯಾಗುವಂತೆ ತಿರುಗಿಸಿದೆ.

ಗೋಡೆಯ ಕ್ಯಾಲೆಂಡರಿನಲ್ಲಿ ದಿನವಹಿ ಬರೆಯತೊಡಗಿದೆ. ಬೆಳಿಗ್ಗೆ: ನಿಂತಿಲ್ಲ. ಮಧ್ಯಾಹ್ನ: ನಿಂತಿಲ್ಲ. ಸಂಜೆ: ನಿಂತಂತೆ ಕಂಡಿತು, ಪರಿಶೀಲಿಸಲಾಗಿ ಬುಟ್ಟಿಗೆ ಒರಗಿತ್ತು. ಎರಡನೆಯ ದಿನವೂ ಇದೇ. ಮೂರನೆಯ ದಿನ ಊಟಕ್ಕೆ ಕೂತಾಗ ಅನ್ನ ಕಲಸುತ್ತಲೇ ಇದ್ದೆ, ತುತ್ತು ಎತ್ತಲಿಲ್ಲ. ಬಂಗಡೆಯ ಸಾರು ಮಾಡಿದ ದಿನ ನನಗೆ ಹಾಗಾಗುವುದು ಅಪರೂಪ. ವರದಿಯಿಂದ ತೆಗೆದಿಟ್ಟ ಪುಟವನ್ನು ಹೊರತೆಗೆದೆ. ಪಾತಿಯ ಕಾಲು ಹಾಗಾದದ್ದು ನನ್ನಿಂದ, ನಾನು ಹಾಸಿದ ಪತ್ರಿಕೆಯಿಂದ ಎಂದೆ.

ಸುಲೋಚನಾ ಮೀನಿನ ಮುಳ್ಳು ತೆಗೆಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತದೆ. ನೀವು ಅಂಕೋಲೆಗೆ ಹೋದ ದಿವ್ಸವೇ ಉಳಿದ ಐದರ ಬುಡದ ಪೇಪರ್ ತೆಗ್ದು ಗೋಣಿ ಹಾಸಿದ್ದೆ. ನೀವು ನೋಡ್ಲೇ ಇಲ್ಲ."

ಮತ್ತೆ ಹೇಳಲಿಲ್ಲ ಯಾಕೆ ಎಂದೆ.

"ಹೇಳಿದ್ರೆ ಅವತ್ತೇ ಊಟ ಬಿಡ್ತಿದ್ರಿ. ಎರಡೆರಡು ಜೀವ ಎತ್ತಿ ನಿಲ್ಸೂಕೆ ನನ್ನ ಕೈಲಿ ಆಗ್ತಿತ್ತಾ?"

ನನ್ನ ತಟ್ಟೆಗೆ ಇನ್ನೊಂದು ಬಂಗಡೆ ಬಿತ್ತು. ತಿಂದೆ.

ಐದನೆಯ ದಿನ ಬೆಳಿಗ್ಗೆ ಸುಬ್ರಾಯನೇ ಮನೆಗೆ ಬಂದ. ನಾಗಮ್ಮ ಬುಟ್ಟಿ ಇಳಿಸಿ ನಿಂತಳು; ಮೀನು ಬೇಕಾದ ಉಳಿದ ಮನೆಗಳು ಅಂದು ಕಾಯಬೇಕಾಯಿತು. ನನ್ನ ಕನ್ನಡಕ ಮತ್ತೆ ಅವನ ಮೂಗಿಗೇರಿತು. ಕುಣಿಕೆ ಜಾರಿಸಿ ತೆಗೆದು ಪಾತಿಯನ್ನು ಮರಳ ಮೇಲೆ ಬಿಟ್ಟ. ಅದು ಕೂತೇ ಇತ್ತು. ನನಗಂತೂ ಹತ್ತಿರದ್ದೇನೂ ಸ್ಪಷ್ಟ ಕಾಣುವ ಹಾಗಿರಲಿಲ್ಲ, ಹಾಗಾಗಿ ಉಳಿದ ಮೂವರ ಮುಖ ನೋಡುತ್ತ ನಿಂತೆ. ಮೊದಲು ಬದಲಾದದ್ದು ನಾಗಮ್ಮನ ಮುಖ.

"ಎದ್ತು," ಎಂದಳು. ಆಮೇಲೆ ಬುಟ್ಟಿ ತಲೆಗೇರಿಸುತ್ತ, "ಮುಂಗ್ಲಿಗೆ ಹೇಳಿ ಬರ್ತೆ," ಎಂದು ಹೋದಳು.

ಸುಬ್ರಾಯ ಕನ್ನಡಕ ಪೆಟ್ಟಿಗೆಗೆ ಹಾಕುವಾಗ ದಾರವನ್ನೂ ಜೊತೆಗೇ ಹಾಕಿ ಕೊಟ್ಟ. ಅದು ಅಲ್ಲಿಗೆ ಬಂದ ಬಗೆ ಇದು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಪಾತಿ ನಡೆದದ್ದು ಒಂದು ವಿಚಿತ್ರ ನಡಿಗೆ. ದಾರ ತೆಗೆದ ಮೇಲೂ ಅದರ ಹೆಜ್ಜೆ ದಾರದಷ್ಟೇ ಉದ್ದ. ಕಿರುಬೆರಳಿನ ಅರ್ಧ, ಅದರ ಮೇಲೆ ಒಂದು ಕೂದಲೆಳೆಯಷ್ಟೂ ಇಲ್ಲ. ಬಲಗಾಲಿನ ಪಾದ ಸ್ವಲ್ಪ ಹೊರಗೆ ತಿರುಗಿತ್ತು. ವಾರಗಳು ಕಳೆದು ಮರಿಗಳು ಹಿತ್ತಿಲಿಗೆ ಇಳಿದವು, ಐದು ಟೈಪ್‌ರೈಟರುಗಳು ಒಟ್ಟಿಗೆ ಹೊಡೆದಂತೆ ಸದ್ದು ಮಾಡುತ್ತ ಓಡಾಡಿದವು. ಅವುಗಳ ಹಿಂದೆ ಆರನೆಯದು, ಅವಸರದ ಟಪಾಲು ಹೊತ್ತ ಮುದಿ ಜವಾನನ ಹಾಗೆ.

ಮೇ ತಿಂಗಳ ಕೊನೆಗೆ ಐದೂ ಕೋಳಿಗಳು ಸಂಜೆ ಹಿತ್ತಿಲ ಗೇರುಮರಕ್ಕೆ ಹಾರಿ ಕೊಂಬೆಯ ಮೇಲೆ ಮಲಗತೊಡಗಿದವು. ಗೂಡಿಗೆ ಕರೆದರೆ ಬರುವ ಜಾತಿಯಲ್ಲ ಅದು. ಪಾತಿ ನೆಗೆಯಿತು, ಬಿತ್ತು. ಮತ್ತೆ ನೆಗೆಯಿತು. ಹಾರಲು ಮೊದಲು ನೆಲವನ್ನು ಒದೆಯಬೇಕಲ್ಲ. ಹಿಡಿದು ಬುಟ್ಟಿಯೊಳಗೆ ಮುಚ್ಚಿದರೆ ಉಳಿದವುಗಳನ್ನು ಕರೆದು ಕರೆದು ತಲೆ ಬಡಿದುಕೊಳ್ಳುತ್ತಿತ್ತು. ಕೆಳಗೆ ಬಿಟ್ಟರೆ ಮುಂಗುಲಿ. ಹೀಗಾಗಿ ದಿನವೂ ಮುಸ್ಸಂಜೆ ನಾನು ಏಣಿ ಹಾಕಿ, ಪಾತಿಯನ್ನು ಕಂಕುಳಲ್ಲಿಟ್ಟುಕೊಂಡು ಐದು ಮೆಟ್ಟಿಲು ಹತ್ತಿ, ಅದನ್ನು ಕೊಂಬೆಯ ಮೇಲೆ ಇಡುವ ಕೆಲಸಕ್ಕೆ ನೇಮಕಗೊಂಡೆ. ಸುಲೋಚನಾ ಕೆಳಗೆ ಏಣಿ ಹಿಡಿದು, ನನ್ನ ವಯಸ್ಸನ್ನು ಮೆಟ್ಟಿಲಿಗೊಮ್ಮೆ ಹೇಳುತ್ತಿದ್ದಳು. ಇಳಿದ ಮೇಲೂ ನನಗೆ ಸಮಾಧಾನವಿಲ್ಲ. ಆ ಬಲಗಾಲು ಕೊಂಬೆ ಹಿಡಿದಿದೆಯೇ? ಊಟದ ನಡುವೆ ಎದ್ದು ಹೋಗಿ ನೋಡುತ್ತಿದ್ದೆ.

ಒಂದು ಸಂಜೆ ಏಣಿ ಹೊತ್ತುಕೊಂಡು ಹೋದರೆ ಮರದ ಬುಡದಲ್ಲಿ ಪಾತಿ ಇಲ್ಲ. ಸಿಪ್ಪೆಯ ರಾಶಿ ನೋಡಿದೆ, ಬಚ್ಚಲ ಹಿಂದೆ ನೋಡಿದೆ. ಬೇಲಿಯ ಆಚೆ ಒಂದೆರಡು ಪುಕ್ಕ ಬಿದ್ದಂತಿತ್ತು, ಹತ್ತಿರ ಹೋದರೆ ಒಣ ಎಲೆ. ಬಾವಿಗೆ ಬಗ್ಗಿ ಟಾರ್ಚು ಬಿಟ್ಟೆ. ನೀರಿನಲ್ಲಿ ನನ್ನದೇ ಮುಖ, ನೋಡುವ ಹಾಗಿರಲಿಲ್ಲ. ಕರೆಯಲು ಹೋದವನು ಪಾತಿ ಎನ್ನದೆ, ಬಾ ಬಾ ಎಂದಷ್ಟೇ ಕರೆದೆ. ಹೆಸರಿಡಬಾರದು ಎಂದಿದ್ದೆನಲ್ಲ.

ಮರದ ಕೆಳಗೆ ನಿಂತಿದ್ದ ಸುಲೋಚನಾ, "ಮೇಲೆ ನೋಡಿ," ಎಂದಳು.

ಎಣಿಸಿದೆ. ಆರು. ಇನ್ನೊಮ್ಮೆ ಎಣಿಸಿದೆ, ಬಲದಿಂದ ಎಡಕ್ಕೆ. ಆರು. ಕೊನೆಯದು ಸ್ವಲ್ಪ ವಾಲಿ ಕೂತಿತ್ತು.

ಏಣಿ ಇನ್ನೂ ನನ್ನ ಹೆಗಲ ಮೇಲಿತ್ತು. ಅದನ್ನು ಏನು ಮಾಡಬೇಕೆಂದು ತೋಚಲಿಲ್ಲ.

ಮರುದಿನ ಅಡಿಗೆಮನೆಯ ಕಿಟಕಿಯ ಹಿಂದೆ ಅಡಗಿ ಕಾದೆವು. ಐದು ಕೋಳಿಗಳು ರೆಕ್ಕೆ ಬಡಿದು ಹಾರಿದವು. ಪಾತಿ ಹಾರಲಿಲ್ಲ. ನಮ್ಮ ಗೇರುಮರದ ಕಾಂಡ ನೆಲದಿಂದಲೇ ಓರೆಯಾಗಿ ಬಾಗಿ ಎದ್ದದ್ದು, ತೊಗಟೆ ಒರಟು. ಪಾತಿ ಅದರ ಬುಡಕ್ಕೆ ಬಂದು, ಕಾಲಿಟ್ಟು, ಉಗುರು ಊರಿ ನೋಡಿತು. ಆಮೇಲೆ ಹತ್ತಿತು. ಒಂದು ಹೆಜ್ಜೆಗೆ ಕಿರುಬೆರಳಿನ ಅರ್ಧ. ಎಲ್ಲಿಯೂ ಜಾರಲಿಲ್ಲ. ಮೇಲೆ ಮುಟ್ಟುವಷ್ಟರಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕಿತು. ಸುಲೋಚನಾ ತಿರುಗಿ ನೋಡಲಿಲ್ಲ.

ಏಣಿ ಇಂದಿಗೂ ಆ ಮರಕ್ಕೇ ಒರಗಿ ನಿಂತಿದೆ. ಯಾಕೆಂದು ಕೇಳಿದವರಿಗೆ ಗೇರುಬೀಜ ಕೊಯ್ಯಲು ಎನ್ನುತ್ತೇನೆ. ಗೇರಿನ ಕಾಲ ಮುಗಿದು ತಿಂಗಳಾಯಿತು. ಕೇಳುವವರೂ ಇದೇ ಊರಿನವರು, ಅವರಿಗೂ ಅದು ಗೊತ್ತು.